ಮಾದರಿ ವಿಮಾನಗಳಿಗೆ ಹಾರಾಟದ ಮೈದಾನ ಮಾಡುವುದು ಹೇಗೆ?

ಏರೋಮಾಡೆಲಿಂಗ್ ಹವ್ಯಾಸಿಗಳಿಂದ ಪದೇ ಪದೇ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುತ್ತದೆ: "ನಾವು ಎಂಟು ಹತ್ತು ಜನ ಸೇರಿದ್ದೇವೆ, ನಮ್ಮಲ್ಲೊಬ್ಬರಿಗೆ ಊರಾಚೆ ಎರಡು ಎಕರೆ ಹೊಲವಿದೆ, ಅಲ್ಲಿ ರನ್‌ವೇ ಮಾಡಿಸಲು ಎಷ್ಟು ಉದ್ದ ಬೇಕು, ಎಷ್ಟು ಖರ್ಚಾಗುತ್ತದೆ?" ಉದ್ದವೂ ಖರ್ಚೂ ಮುಖ್ಯವೇ. ಆದರೆ ರನ್‌ವೇ ಎಂಬುದು ಈ ಕೆಲಸದ ಅತಿ ಸುಲಭದ ಭಾಗ. ಮೈದಾನ ಉಳಿಯುವುದೂ ಮುಚ್ಚಿಹೋಗುವುದೂ ನಿಮ್ಮದಲ್ಲದ ನೆಲ, ಅದರ ಮೇಲಿನ ಆಕಾಶ ಮತ್ತು ಆ ಸುತ್ತಿನ ಜನರನ್ನು ಅವಲಂಬಿಸಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಜೆಸಿಬಿ ಬರುವುದು ಆರನೆಯದರಲ್ಲಿ. ಅದನ್ನು ಮೊದಲು ಕರೆಸುವ ಆತುರ ಬೇಡ.

ಇಲ್ಲಿ ಹೇಳಿರುವುದೆಲ್ಲ ಕರ್ನಾಟಕದ ಒಳನಾಡಿನ ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕರಾವಳಿ, ಮಲೆನಾಡುಗಳ ಮಳೆ ಮತ್ತು ಗಾಳಿಯ ಲೆಕ್ಕ ಬೇರೆಯೇ ಇದೆ.

1. ಏನನ್ನು ಹಾರಿಸುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ

ಥರ್ಮೋಕೋಲಿನಂಥ ಫೋಮ್‌ನಿಂದ ಮಾಡಿದ, ವಿದ್ಯುತ್ ಮೋಟರಿನ, ಒಂದೂಕಾಲು ಮೀಟರ್ ರೆಕ್ಕೆಯ ವಿಮಾನಗಳಷ್ಟೇ ನಿಮ್ಮಲ್ಲಿದ್ದರೆ 60 ಮೀಟರ್ ಉದ್ದ, 10 ಮೀಟರ್ ಅಗಲದ ಪಟ್ಟಿ ಸಾಕು. ಎರಡು ಮೀಟರ್ ರೆಕ್ಕೆಯ ಪೆಟ್ರೋಲ್ ಎಂಜಿನ್ ವಿಮಾನಗಳಿಗೆ 100ರಿಂದ 120 ಮೀಟರ್ ಉದ್ದ, 15 ಮೀಟರ್ ಅಗಲ ಇಟ್ಟುಕೊಳ್ಳಿ. ಟರ್ಬೈನ್ ಜೆಟ್‌ಗಳಿಗೆ ಇದಕ್ಕಿಂತ ಉದ್ದನೆಯ, ಗಟ್ಟಿ ಮೇಲ್ಮೈಯ ರನ್‌ವೇ ಬೇಕಾಗುವುದರಿಂದ ಹೊಸ ಸಂಘವೊಂದು ಆ ಆಸೆಯನ್ನು ಮೊದಲ ವರ್ಷವೇ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಜಾಗ ತೀರಾ ಚಿಕ್ಕದಾದರೆ ಕಂಟ್ರೋಲ್ ಲೈನ್ ಎಂಬ ದಾರಿಯೊಂದಿದೆ. ಅದರಲ್ಲಿ ವಿಮಾನವು ಎರಡು ತೆಳು ತಂತಿಗಳಿಗೆ ಕಟ್ಟಿಕೊಂಡು, ಹಾರಿಸುವವರ ಸುತ್ತ ವೃತ್ತಾಕಾರದಲ್ಲಿ ಹಾರುತ್ತದೆ. ಎನ್‌ಸಿಸಿ ವಾಯುದಳದಲ್ಲಿದ್ದವರಿಗೆ ಇದು ಚೆನ್ನಾಗಿ ಗೊತ್ತು. ತಂತಿ ಸಾಮಾನ್ಯವಾಗಿ 15ರಿಂದ 20 ಮೀಟರ್ ಇರುವುದರಿಂದ, ಸುತ್ತಲಿನ ಸುರಕ್ಷಿತ ಅಂತರವೂ ಸೇರಿ ಸುಮಾರು 60 ಮೀಟರ್ ವ್ಯಾಸದ ಬಯಲು ಸಾಕಾಗುತ್ತದೆ. ವಿದ್ಯುತ್ ತಂತಿಯ ಹತ್ತಿರ ಮಾತ್ರ ಇದನ್ನು ಯಾವ ಕಾರಣಕ್ಕೂ ಹಾರಿಸಕೂಡದು, ಏಕೆಂದರೆ ಇಲ್ಲಿ ನಿಮ್ಮ ಕೈಯಲ್ಲಿರುವುದೇ ಲೋಹದ ತಂತಿ.

2. ಆಕಾಶದ ಲೆಕ್ಕ ಮಾಡಿ

ಒಂದು ಸಣ್ಣ ಗಣಿತದಿಂದ ತೊಡಗೋಣ. 120 ಮೀಟರ್ ಉದ್ದ, 15 ಮೀಟರ್ ಅಗಲದ ರನ್‌ವೇ 1,800 ಚದರ ಮೀಟರ್ ಆಗುತ್ತದೆ, ಅಂದರೆ ಹದಿನೆಂಟು ಗುಂಟೆಗೂ ತುಸು ಕಡಿಮೆ. ವಿಮಾನ ಸಜ್ಜುಗೊಳಿಸುವ ಜಾಗ, ನೆರಳು, ವಾಹನ ನಿಲುಗಡೆ ಎಲ್ಲ ಸೇರಿ 150 ಮೀಟರ್ ಉದ್ದ, 60 ಮೀಟರ್ ಅಗಲ ಹಿಡಿದರೂ ಎರಡು ಎಕರೆ ಒಂಬತ್ತು ಗುಂಟೆಯಷ್ಟೇ. ಆದರೆ ವಿಮಾನ ಹಾರುವುದು ರನ್‌ವೇ ಮೇಲಷ್ಟೇ ಅಲ್ಲ. ನೀವು ನಿಂತ ಜಾಗದಿಂದ ಮುಂದಕ್ಕೆ 300 ಮೀಟರ್ ತ್ರಿಜ್ಯದ ಅರ್ಧವೃತ್ತ ಎಳೆದರೆ ಅದು ಸುಮಾರು 35 ಎಕರೆ ಆಗುತ್ತದೆ. ನಿಯಂತ್ರಣ ತಪ್ಪಿದ ವಿಮಾನ ಬೀಳುವುದು ಬಹುಪಾಲು ಈ 35 ಎಕರೆಯಲ್ಲೇ. ಅಲ್ಲಿ ಮನೆ, ಶಾಲೆ, ದನದ ಕೊಟ್ಟಿಗೆ, ವಾಹನ ಓಡಾಡುವ ರಸ್ತೆ, ಹೈಟೆನ್ಷನ್ ತಂತಿ ಇರಬಾರದು. ರಾಗಿ ಹೊಲವೋ ಹುಲ್ಲುಗಾವಲೋ ಇದ್ದರೆ ಚಿಂತೆಯಿಲ್ಲ. ನೀಲಗಿರಿ ತೋಪು ರನ್‌ವೇಯ ತುದಿಗಳ ನೇರದಲ್ಲಿ ಇರಕೂಡದು, ಪಕ್ಕದಲ್ಲಿ ದೂರಕ್ಕಿದ್ದರೆ ಸಹಿಸಿಕೊಳ್ಳಬಹುದು. ಮದುವೆ ಛತ್ರದ ಎಂಜಲನ್ನೋ ಕೋಳಿ ಅಂಗಡಿಯ ತ್ಯಾಜ್ಯವನ್ನೋ ಸುರಿಯುವ ಜಾಗ ಹತ್ತಿರದಲ್ಲಿದೆಯೇ ಎಂದೂ ನೋಡಿ. ಅಲ್ಲಿ ಸುತ್ತುವ ಹದ್ದುಗಳು ನಿಮ್ಮ ವಿಮಾನವನ್ನು ಅತಿಥಿಯೆಂದು ಬರಮಾಡಿಕೊಳ್ಳುವುದಿಲ್ಲ.

ಮುಂದಿನದು ಕಾನೂನು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ದೂರನಿಯಂತ್ರಿತ ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಒಟ್ಟು ತೂಕ 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ, ಪರೀಕ್ಷೆ ಅಥವಾ ಮನರಂಜನೆಗಾಗಿ ಕಣ್ಣಳತೆಯಲ್ಲೇ ಹಾರಿಸುವ ವಿಮಾನಗಳನ್ನು ಈ ನಿಯಮಗಳು ಮಾದರಿ ವಿಮಾನಗಳೆಂದು ಪ್ರತ್ಯೇಕವಾಗಿ ಗುರುತಿಸಿವೆ. ದೇಶದ ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿದ ನಕ್ಷೆ ಡಿಜಿಟಲ್ ಸ್ಕೈ ತಾಣದಲ್ಲಿದೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಪೂರ್ವಾನುಮತಿ ಬೇಕಿಲ್ಲ. ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಆ ಎತ್ತರ 200 ಅಡಿಗೆ ಇಳಿಯುತ್ತದೆ. ಹಳದಿ ವಲಯದಲ್ಲಿ ವಾಯುಸಂಚಾರ ನಿಯಂತ್ರಣ ಪ್ರಾಧಿಕಾರದ ಅನುಮತಿಯೂ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯೂ ಬೇಕಾಗುತ್ತದೆ.

ಇಲ್ಲಿ ಬೆಂಗಳೂರಿನವರು ಎಡವುವುದು ಹೆಚ್ಚು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಹೀಗೆ ನಾಲ್ಕು ಕಡೆ ವಿಮಾನ ಇಳಿಯುವ ಊರಿನಲ್ಲಿ, ಬಯಲು ಕಂಡಲ್ಲೆಲ್ಲ ಹಸಿರು ವಲಯವಿರುತ್ತದೆ ಎಂದುಕೊಳ್ಳಬಾರದು. ಮುಂಗಡ ಹಣ ಕೊಡುವ ಮೊದಲೇ, ಹೊಲದ ಮಧ್ಯೆ ನಿಂತು, ಫೋನಿನಲ್ಲಿ ನಕ್ಷೆ ತೆರೆದು ನೋಡಿ. ನಕ್ಷೆ ಬದಲಾಗುತ್ತಿರುತ್ತದೆ, ಗಣ್ಯರ ಭೇಟಿಯಂಥ ಸಂದರ್ಭಗಳಲ್ಲಿ ತಾತ್ಕಾಲಿಕ ಕೆಂಪು ವಲಯವನ್ನೂ ಘೋಷಿಸುವುದುಂಟು. ಹೀಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ನಕ್ಷೆ ನೋಡುವ ಹೊಣೆಯನ್ನು ಒಬ್ಬ ಸದಸ್ಯರಿಗೆ ಹೆಸರು ಹಿಡಿದು ವಹಿಸಿ.

3. ಜಮೀನಿನ ಕಾಗದಪತ್ರ ಮತ್ತು ಊರಿನ ಒಪ್ಪಿಗೆ

ಪಹಣಿಯನ್ನು ತೆಗೆಸಿ, ಅದರಲ್ಲಿ ‘ಬಿ’ ಖರಾಬು ಇದೆಯೇ ನೋಡಿ. ‘ಬಿ’ ಖರಾಬು ಎಂದರೆ ಹಳ್ಳ, ದಾರಿ ಮುಂತಾಗಿ ಸಾರ್ವಜನಿಕ ಬಳಕೆಗೆ ಮೀಸಲಾದ, ಸಾಗುವಳಿಗೆ ಸಲ್ಲದ ಭಾಗ. ಗ್ರಾಮ ನಕಾಶೆಯನ್ನೂ ತೆಗೆಸಿ. ಕಣ್ಣಿಗೆ ಕಾಣದ ಬಂಡಿದಾರಿ ನಕಾಶೆಯಲ್ಲಿ ನಿಮ್ಮ ರನ್‌ವೇಯನ್ನು ಅಡ್ಡ ಹಾಯ್ದು ಹೋಗಿರಬಹುದು. ಈ ವರ್ಷ ಯಾರೂ ಬಳಸದ ದಾರಿ ಸುಗ್ಗಿಯಲ್ಲಿ ಜೀವ ತಳೆಯುತ್ತದೆ. ಗೋಮಾಳ, ಕೆರೆಯಂಗಳ ಮತ್ತು ಅರಣ್ಯದಂಚಿನ ಜಾಗಗಳು ನೋಡಲು ಎಷ್ಟೇ ಚೆನ್ನಾಗಿದ್ದರೂ ಅವುಗಳ ತಂಟೆಗೆ ಹೋಗಬೇಡಿ.

ಖಾಸಗಿ ಕೃಷಿ ಜಮೀನಾದರೆ ಎರಡು ತೊಡಕುಗಳಿವೆ. ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ ನಿರ್ಬಂಧವಿದೆ. ಕೃಷಿಯೇತರ ಉದ್ದೇಶಕ್ಕೆ ಬಳಸುವುದಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆಯ ಪ್ರಶ್ನೆ ಏಳುತ್ತದೆ. ಆದ್ದರಿಂದ ಛಾಪಾಕಾಗದದ ಮೇಲೆ ನೀವೇ ಕರಾರು ಬರೆದುಕೊಂಡು ಸುಮ್ಮನಾಗದೆ, ಕಂದಾಯದ ವ್ಯವಹಾರ ತಿಳಿದ ವಕೀಲರಿಂದ ಪತ್ರ ಬರೆಸಿ. ಈಗಾಗಲೇ ಪರಿವರ್ತನೆಯಾದ ಜಾಗ ಅಥವಾ ಕಾಲೇಜೊಂದರ ಬಳಸದ ಮೈದಾನ ಸಿಕ್ಕರೆ, ಎಂಟು ಹತ್ತು ಕಿಲೋಮೀಟರ್ ಹೆಚ್ಚು ದೂರವಾದರೂ ಅದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಒಪ್ಪಂದ ಕನಿಷ್ಠ ಐದು ವರ್ಷಕ್ಕಿರಲಿ. ಅದಕ್ಕಿಂತ ಕಡಿಮೆ ಅವಧಿಗೆ ಮಣ್ಣಿನ ಮೇಲೆ ಹಣ ಸುರಿಯುವುದು ವ್ಯರ್ಥ.

ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಲು ಏಳು ಸದಸ್ಯರು ಸಾಕು. ನೋಂದಣಿಯಾದರೆ ಬ್ಯಾಂಕ್ ಖಾತೆ, ಕರಾರು, ಮೂರನೆಯ ವ್ಯಕ್ತಿಗಾಗುವ ಹಾನಿಯ ವಿಮೆ ಎಲ್ಲವೂ ಸಂಘದ ಹೆಸರಿನಲ್ಲೇ ನಡೆಯುತ್ತವೆ.

ಕಾಗದದಷ್ಟೇ ಮುಖ್ಯವಾದದ್ದು ಊರವರ ಒಪ್ಪಿಗೆ. ಗ್ರಾಮ ಪಂಚಾಯಿತಿಗೂ ಸ್ಥಳೀಯ ಪೊಲೀಸ್ ಠಾಣೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆ 35 ಎಕರೆಯ ಪ್ರತಿಯೊಬ್ಬ ರೈತರ ಮನೆಗೂ ಒಮ್ಮೆ ಹೋಗಿ, ಬೆಳೆಯೊಳಗೆ ವಿಮಾನ ಬಿದ್ದರೆ ಯಾರು ಹೋಗಿ ತರಬೇಕು, ಪೈರು ತುಳಿದರೆ ಏನು ಕೊಡಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಒಂದು ವಿಮಾನಕ್ಕೆ ಒಬ್ಬರೇ ಹೋಗಬೇಕು, ಅದೂ ಸಾಲಿನ ನಡುವೆಯೇ ನಡೆಯಬೇಕು ಎಂಬ ಕಟ್ಟುಪಾಡು ಮಾಡಿಕೊಳ್ಳಿ. ಐದು ಜನ ರಾಗಿ ಪೈರಿನೊಳಗೆ ಹರಡಿಕೊಂಡು ಹುಡುಕಿದ್ದನ್ನು ಯಾವ ರೈತರೂ ಮರೆಯುವುದಿಲ್ಲ.

4. ಗಾಳಿಯನ್ನೂ ಬಿಸಿಲನ್ನೂ ನೋಡಿ ದಿಕ್ಕು ನಿರ್ಧರಿಸಿ

ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ನಮ್ಮ ಒಳನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವುದರಿಂದ ರನ್‌ವೇ ಸುಮಾರಾಗಿ ಪೂರ್ವ ಪಶ್ಚಿಮವಾಗಿರಬೇಕು. ಇದಕ್ಕೆ ಸಾಕ್ಷಿ ಬೇಕಿದ್ದರೆ ದೊಡ್ಡ ನಿಲ್ದಾಣಗಳನ್ನೇ ನೋಡಿ: ಎಚ್‌ಎಎಲ್, ದೇವನಹಳ್ಳಿ, ಮೈಸೂರು, ಈ ಮೂರೂ ಕಡೆ ರನ್‌ವೇಯ ಸಂಖ್ಯೆ 09/27. ಆ ಅಂಕಿಗಳನ್ನು ಹತ್ತರಿಂದ ಗುಣಿಸಿದರೆ ದಿಕ್ಸೂಚಿಯ ಡಿಗ್ರಿ ಸಿಗುತ್ತದೆ, ಅಂದರೆ 90 ಪೂರ್ವ, 270 ಪಶ್ಚಿಮ. ಆದರೂ ಗುಡ್ಡವೋ ಕಣಿವೆಯೋ ಹತ್ತಿರವಿದ್ದರೆ ಗಾಳಿ ತಿರುಗುತ್ತದೆ. ಎರಡಾಳೆತ್ತರದ ಬಿದಿರಿನ ಗಳಕ್ಕೆ ರಿಬ್ಬನ್ ಕಟ್ಟಿ, ಕೆಲವು ವಾರ ಬೆಳಿಗ್ಗೆ ಏಳು, ಹತ್ತು ಮತ್ತು ಸಂಜೆ ನಾಲ್ಕು ಗಂಟೆಗೆ ದಿಕ್ಕನ್ನು ಬರೆದಿಡಿ.

ನಾವು ನಮ್ಮ ಮೊದಲ ಮೈದಾನದಲ್ಲಿ ಹೊಲದ ಬದುವಿಗೆ ಸಮಾನಾಂತರವಾಗಿ, ನೋಡಲು ಅಂದವಾಗಿ, ಉತ್ತರ ದಕ್ಷಿಣವಾಗಿ ರನ್‌ವೇ ಹಾಕಿದ್ದೆವು. ಆಷಾಢದ ಗಾಳಿಯಲ್ಲಿ ಇಳಿಯುವ ಪ್ರತಿ ವಿಮಾನವೂ ಪಕ್ಕಕ್ಕೆ ಜಾರಿ ಅದೇ ಬದುವಿಗೆ ಬಡಿಯುತ್ತಿತ್ತು. ಎರಡನೇ ವರ್ಷ ಇಡೀ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಬಿಸಿಲಿನ ವಿಷಯದಲ್ಲಿ ನಿಯಮ ಸರಳ: ಹಾರಿಸುವವರು ರನ್‌ವೇಯ ದಕ್ಷಿಣಕ್ಕೆ, ಉತ್ತರಾಭಿಮುಖವಾಗಿ ನಿಲ್ಲಬೇಕು. ಆಗ ವರ್ಷದ ಬಹುಪಾಲು ಸೂರ್ಯ ಬೆನ್ನಿಗಿರುತ್ತಾನೆ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ‘ಶೂನ್ಯ ನೆರಳಿನ ದಿನ’ ಬರುತ್ತದೆ. ಆ ಎರಡರ ನಡುವಿನ ತಿಂಗಳುಗಳಲ್ಲಿ ಸೂರ್ಯ ಉತ್ತರಕ್ಕೆ ಸರಿಯುತ್ತಾನಾದರೂ ಮಧ್ಯಾಹ್ನ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುವುದರಿಂದ ತೊಂದರೆಯಾಗದು. ಜೂನ್ ಸಂಜೆಗಳಲ್ಲಿ ಮಾತ್ರ ಅವನು ನಿಮ್ಮ ಎಡಗಣ್ಣಿಗೆ ಹೊಡೆಯುತ್ತಾನೆ, ಟೋಪಿ ಇರಲಿ.

ಇದರಿಂದ ಇನ್ನೊಂದು ಮಾತು ತಾನಾಗಿ ಹೊರಡುತ್ತದೆ. ಜನ ನಿಲ್ಲುವುದು ದಕ್ಷಿಣಕ್ಕಾದರೆ ವಾಹನಗಳು ಬರುವ ದಾರಿಯೂ ದಕ್ಷಿಣದಿಂದಲೇ ಇರಬೇಕು. ದಾರಿ ಉತ್ತರಕ್ಕಿರುವ ಜಾಗ ಸಿಕ್ಕರೆ ಪ್ರತಿಯೊಬ್ಬರೂ ರನ್‌ವೇಯನ್ನು ಸುತ್ತುಬಳಸಿಯೋ ದಾಟಿಯೋ ಬರಬೇಕಾಗುತ್ತದೆ.

5. ನೆಲದ ಮೇಲೆ ಗುರುತು ಹಾಕಿ

ಗೂಟ, ಹಗ್ಗ, ಸುಣ್ಣದ ಪುಡಿ ತನ್ನಿ. ರನ್‌ವೇಯ ದಕ್ಷಿಣದ ಅಂಚೇ ನಿಮ್ಮ ಲಕ್ಷ್ಮಣರೇಖೆ, ಅದರಿಂದ ಈಚೆಗೆ ಯಾವ ವಿಮಾನವೂ ಹಾರಕೂಡದು. ಅಲ್ಲಿಂದ 8 ಮೀಟರ್ ಹಿಂದೆ ಹಾರಿಸುವವರ ಸಾಲು, ಒಬ್ಬರಿಂದ ಒಬ್ಬರಿಗೆ ಕನಿಷ್ಠ 6 ಮೀಟರ್ ಅಂತರ. ಅದರಿಂದ ಮತ್ತೆ 8ರಿಂದ 10 ಮೀಟರ್ ಹಿಂದೆ ಪಿಟ್, ಅಂದರೆ ವಿಮಾನಗಳನ್ನು ಜೋಡಿಸಿ ಎಂಜಿನ್ ಚಾಲೂ ಮಾಡುವ ಜಾಗ. ಪ್ರೇಕ್ಷಕರು ಪಿಟ್‌ಗಿಂತ ಇನ್ನೂ 10 ಮೀಟರ್ ಹಿಂದೆ, ವಾಹನಗಳು ಎಲ್ಲಕ್ಕಿಂತ ಹಿಂದೆ. ಪಿಟ್ ರನ್‌ವೇಯ ಮಧ್ಯಭಾಗದ ಎದುರಿಗಿದ್ದರೆ ಎರಡೂ ದಿಕ್ಕಿನಿಂದ ಇಳಿಯುವ ವಿಮಾನಗಳು ಚೆನ್ನಾಗಿ ಕಾಣುತ್ತವೆ.

6. ಮಣ್ಣಿನ ಕೆಲಸ

ಎಲ್ಲಕ್ಕಿಂತ ಮೊದಲು ನೆಲದ ಏರಿಳಿತ ಅಳೆಯಿರಿ. ಗಾರೆ ಕೆಲಸದವರು ಬಳಸುವ, ನೀರು ತುಂಬಿದ ಟ್ಯೂಬ್ ಲೆವೆಲ್ ಇದಕ್ಕೆ ಸಾಕು. ಉದ್ದಕ್ಕೆ ನೂರು ಮೀಟರಿಗೆ ಒಂದು ಮೀಟರಿನವರೆಗಿನ ಇಳಿಜಾರು ಸಹ್ಯ. ಅಡ್ಡಕ್ಕೆ ಮಾತ್ರ ರನ್‌ವೇಯ ನಡುವೆ ಆಮೆಬೆನ್ನಿನಂತೆ ಉಬ್ಬು ಬೇಕು: 15 ಮೀಟರ್ ಅಗಲದಲ್ಲಿ ನಡುವಿನ ಭಾಗ ಅಂಚಿಗಿಂತ 15 ಸೆಂಟಿಮೀಟರ್ ಎತ್ತರವಿದ್ದರೆ ಮಳೆನೀರು ಎರಡೂ ಬದಿಗೆ ಹರಿದುಹೋಗುತ್ತದೆ. ಹೊಸಬರು ಸಾಮಾನ್ಯವಾಗಿ ‘ಕೇರಂ ಬೋರ್ಡಿನಂತೆ ಸಮತಟ್ಟು’ ಮಾಡಿಸಲು ಹೋಗುತ್ತಾರೆ. ಮೊದಲ ಮಳೆಗೆ ಅದು ಕೆಸರುಗದ್ದೆಯಾಗುತ್ತದೆ.

ಜೆಸಿಬಿ ಬಂದ ದಿನ ಮೇಲ್ಮಣ್ಣನ್ನು ಒಂದು ಗೇಣಿನಷ್ಟು ಕೆರೆದು ಪಕ್ಕದಲ್ಲಿ ಗುಡ್ಡೆ ಹಾಕಿಸಿ, ಮಾರಬೇಡಿ. ಹುಲ್ಲು ಬೆಳೆಸುವಾಗ ಅದೇ ಬೇಕಾಗುತ್ತದೆ. ಹುತ್ತವಿದ್ದರೆ ಊರಿನ ಹಿರಿಯರನ್ನು ಕೇಳದೆ ಮುಟ್ಟಬೇಡಿ. ನಿಮಗೆ ಅದು ಮಣ್ಣಿನ ಗುಡ್ಡೆ, ಅವರಿಗೆ ನಾಗರಪಂಚಮಿಗೆ ಹಾಲೆರೆಯುವ ತಾಣ. ಒಂದು ಹುತ್ತಕ್ಕಾಗಿ ರನ್‌ವೇಯನ್ನು ಹತ್ತು ಮೀಟರ್ ಸರಿಸಿದರೆ ನಷ್ಟವೇನಿಲ್ಲ.

ಕೆಮ್ಮಣ್ಣಾದರೆ ಕೆಲಸ ಸುಲಭ. ಹದವಾಗಿ ನೀರು ಚಿಮುಕಿಸಿ, 15 ಸೆಂಟಿಮೀಟರ್ ಮೀರದ ಪದರಗಳಲ್ಲಿ ಹರಡಿ, ಪ್ರತಿ ಪದರಕ್ಕೂ ರೋಲರ್ ಓಡಿಸಬೇಕು. ಹದ ಅರಿಯುವುದು ಹೀಗೆ: ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಅಂಗೈ ಒದ್ದೆಯಾಗದೆ ಉಂಡೆ ಕಟ್ಟಬೇಕು, ಸೊಂಟದೆತ್ತರದಿಂದ ಬಿಟ್ಟರೆ ಅದು ನಾಲ್ಕಾರು ಹೋಳಾಗಬೇಕು. ಉಂಡೆಯೇ ಕಟ್ಟದಿದ್ದರೆ ನೀರು ಸಾಲದು, ಬಿದ್ದಾಗ ಚಪ್ಪಟೆಯಾದರೆ ನೀರು ಹೆಚ್ಚು. ಒಣ ಮಣ್ಣಿನ ಮೇಲೆ ರೋಲರ್ ಎಷ್ಟು ಸಲ ಓಡಿದರೂ ಬಾಡಿಗೆ ಏರುತ್ತದೆಯೇ ಹೊರತು ನೆಲ ಗಟ್ಟಿಯಾಗುವುದಿಲ್ಲ.

ಎರೆಮಣ್ಣಾದರೆ ಸ್ವಲ್ಪ ಯೋಚಿಸಿ. ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಈ ಮಣ್ಣಿನ ಮೇಲೆ ನೇರವಾಗಿ ರನ್‌ವೇ ನಿಲ್ಲುವುದಿಲ್ಲ. ಮೇಲೆ 15 ಸೆಂಟಿಮೀಟರ್ ಗರಸು ಹಾಸಬೇಕು, ಅದರ ಕೆಳಗಿನ ಪದರಕ್ಕೆ ಸುಣ್ಣ ಬೆರೆಸಿದರೆ ಉಬ್ಬುವ ಗುಣ ತಗ್ಗುತ್ತದೆ. 100 ಮೀಟರ್ ಉದ್ದ, 15 ಮೀಟರ್ ಅಗಲಕ್ಕೆ ರೋಲರ್ ಓಡಿದ ಮೇಲೆ 225 ಘನ ಮೀಟರ್ ಗರಸು ಉಳಿಯಬೇಕು. ಸಡಿಲ ಗರಸು ಕಾಲು ಭಾಗದಷ್ಟು ಕುಗ್ಗುವ ಲೆಕ್ಕದಲ್ಲಿ ಸುಮಾರು 106 ಬ್ರಾಸ್ ತರಿಸಬೇಕಾಗುತ್ತದೆ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಈ ಲೆಕ್ಕ ಕೈಯಲ್ಲಿದ್ದರೆ ‘ಒಂದಿಪ್ಪತ್ತು ಲೋಡ್ ಸಾಕು ಸ್ವಾಮಿ’ ಎಂದು ತೊಡಗಿ ಅರ್ಧದಲ್ಲಿ ದರ ಏರಿಸುವವರ ಮುಂದೆ ನೀವು ಪೆಚ್ಚಾಗಬೇಕಿಲ್ಲ. ಟಿಪ್ಪರ್‌ನ ಪೆಟ್ಟಿಗೆಯನ್ನು ನೀವೇ ಟೇಪ್ ಹಿಡಿದು ಅಳೆದು, ಒಂದು ಲೋಡಿಗೆ ಎಷ್ಟು ಬ್ರಾಸ್ ಎಂಬುದನ್ನು ಮೊದಲೇ ಬರೆದುಕೊಳ್ಳಿ.

ರನ್‌ವೇಯ ಎರಡೂ ಬದಿಗೆ ಅಂಚಿನಿಂದ ಮೂರು ಮೀಟರ್ ಆಚೆ ಆಳವಿಲ್ಲದ, ಅಗಲವಾದ ಕಾಲುವೆ ತೆಗೆಸಿ. ಚೂಪಾದ ಕಡಿದಾದ ಚರಂಡಿ ಬೇಡ, ಹಾದಿ ತಪ್ಪಿದ ವಿಮಾನದ ಚಕ್ರ ಅದರಲ್ಲಿ ಸಿಕ್ಕಿದರೆ ಮುರಿಯುವುದು ಪ್ರೊಪೆಲ್ಲರ್ ಒಂದೇ ಅಲ್ಲ.

7. ಹುಲ್ಲೋ, ಬಟ್ಟೆಯೋ?

ನನ್ನ ಒಲವು ಗರಿಕೆಯ ಕಡೆಗೆ. ಗಣಪತಿಗೆ ಪ್ರಿಯವಾದ ಈ ಹುಲ್ಲು ತುಳಿತ, ಬಿಸಿಲು ಎರಡನ್ನೂ ತಾಳಿಕೊಂಡು ನೆಲಕ್ಕೆ ಹರಡಿ ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ತೆಗೆದಿಟ್ಟ ಮೇಲ್ಮಣ್ಣನ್ನು ತೆಳುವಾಗಿ ಹರಡಿ, ಜೂನ್‌ನ ಮೊದಲ ಹದಮಳೆಯ ನಂತರ ಬೇರುಸಹಿತ ತುಂಡುಗಳನ್ನು ಗೇಣಿಗೊಂದರಂತೆ ನೆಟ್ಟರೆ ಮಳೆಗಾಲ ಮುಗಿಯುವ ಹೊತ್ತಿಗೆ ನೆಲ ಮುಚ್ಚುತ್ತದೆ. ಅಲ್ಲಿಯವರೆಗೆ ಅದರ ಮೇಲೆ ಹಾರಾಟ ಬೇಡ. ಆಮೇಲೆ ಎತ್ತರವನ್ನು ಮೂರು ಸೆಂಟಿಮೀಟರಿನ ಆಸುಪಾಸಿನಲ್ಲಿಟ್ಟರೆ ಸಣ್ಣ ಚಕ್ರದ ವಿಮಾನಗಳೂ ಏರುತ್ತವೆ. ಸುತ್ತಲಿನ ಹುಲ್ಲನ್ನು ಊರಿನ ಕುರಿಗಾಹಿಗಳಿಗೆ ವಾರದ ನಡುವೆ ಮೇಯಲು ಬಿಡಬಹುದು. ಹುಲ್ಲೂ ತಗ್ಗುತ್ತದೆ, ಸ್ನೇಹವೂ ಬೆಳೆಯುತ್ತದೆ, ಭಾನುವಾರ ಮಂದೆ ದೂರವಿರುತ್ತದೆ.

ನೀರಿಲ್ಲದ ಜಾಗದಲ್ಲಿ, ತೋಟಗಳಲ್ಲಿ ಕಳೆ ತಡೆಯಲು ಹಾಸುವ ನೇಯ್ಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ರನ್‌ವೇ ಮೇಲೆ ಬಿಗಿಯಾಗಿ ಹಾಸಬಹುದು. ಅಂಚುಗಳನ್ನು ಗೇಣಾಳದ ಕಾಲುವೆಯಲ್ಲಿ ಹೂತು ಮಣ್ಣು ಮುಚ್ಚಬೇಕು, ಎರಡು ಹಾಸುಗಳು ಸೇರುವಲ್ಲಿ ಒಂದರ ಮೇಲೊಂದು ಮೊಳದಷ್ಟು ಬರಬೇಕು, ವಾಷರ್ ಹಾಕಿದ ಉದ್ದ ಮೊಳೆಗಳನ್ನು ಒತ್ತಾಗಿ ಹೊಡೆಯಬೇಕು. ಒಂದು ಮೂಲೆ ಸಡಿಲವಾದರೂ ಏಪ್ರಿಲ್‌ನ ಸುಂಟರಗಾಳಿ ಇಡೀ ಹಾಸನ್ನು ಎತ್ತಿ ನೆರೆಹೊಲಕ್ಕೆ ಒಯ್ಯುತ್ತದೆ.

8. ಬೇಲಿ, ನೆರಳು, ಗಾಳಿಚೀಲ

ಹಾರಿಸುವವರ ಸಾಲಿನ ಮುಂದೆ ಎದೆಯೆತ್ತರದ ಬಲೆಬೇಲಿ ಇರಲಿ. ದಿಕ್ಕು ತಪ್ಪಿ ನೆಲದ ಮೇಲೆ ನುಗ್ಗಿ ಬರುವ ವಿಮಾನವನ್ನು ಅದು ತಡೆಯುತ್ತದೆ. ಪಿಟ್‌ನಲ್ಲಿ ಸೊಂಟದೆತ್ತರದ ಮೇಜುಗಳಿದ್ದು, ಚಾಲೂ ಮಾಡುವಾಗ ವಿಮಾನವನ್ನು ಹಿಡಿದಿಡುವ ಎರಡು ಗೂಟಗಳು ಪ್ರತಿ ಮೇಜಿಗೂ ಇರಬೇಕು. ಪ್ರೊಪೆಲ್ಲರ್‌ನಿಂದ ಬೆರಳಿಗಾಗುವ ಗಾಯಗಳು ಆಕಾಶದಲ್ಲಲ್ಲ, ಇಲ್ಲೇ ಆಗುತ್ತವೆ. ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಕಟ್ಟೆ ಪೆಟ್ರೋಲ್ ಇಡುವ ಜಾಗದಿಂದಲೂ ಒಣಹುಲ್ಲಿನಿಂದಲೂ ದೂರವಿರಲಿ. ಪಕ್ಕದಲ್ಲಿ ಮರಳಿನ ಬಕೆಟ್, ಬೆಂಕಿ ಆರಿಸುವ ಸಿಲಿಂಡರ್ ಇಡಿ. ನೆರಳಿಗೆ ತಗಡಿನ ಚಪ್ಪರ ಸಾಕು.

ಗಾಳಿಚೀಲವೆಂದರೆ ಗಾಳಿಯ ದಿಕ್ಕು ತೋರುವ ಬಟ್ಟೆಯ ಆಲಿಕೆ. ಅದನ್ನು ರನ್‌ವೇಯ ಒಂದು ತುದಿಯ ಹತ್ತಿರ, ಪಕ್ಕಕ್ಕೆ ಸರಿಸಿ ನೆಡಬೇಕು. ಸೂಚನಾಫಲಕದಲ್ಲಿ ಸಂಘದ ನಿಯಮಗಳ ಜೊತೆಗೆ 108 ಸಂಖ್ಯೆಯನ್ನೂ, ಹಾವಿನ ವಿಷಕ್ಕೆ ಪ್ರತಿವಿಷ ದೊರೆಯುವ ಹತ್ತಿರದ ಆಸ್ಪತ್ರೆಯ ಹೆಸರನ್ನೂ ದೊಡ್ಡಕ್ಷರಗಳಲ್ಲಿ ಬರೆಸಿ. ಆ ಆಸ್ಪತ್ರೆಗೆ ಒಮ್ಮೆ ಹೋಗಿ ಪ್ರತಿವಿಷ ಇದೆಯೇ ಎಂದು ಖುದ್ದಾಗಿ ಕೇಳಿ ಬನ್ನಿ. ಬಿದ್ದ ವಿಮಾನ ಹುಡುಕುವಾಗ ಎತ್ತರದ ಹುಲ್ಲಿನಲ್ಲಿ ಕೊಳಕುಮಂಡಲ ಎದುರಾಗುವ ಸಂಭವವಿದ್ದೇ ಇದೆ, ಬೂಟು ಹಾಕದವರನ್ನು ಹುಡುಕಲು ಕಳಿಸಬೇಡಿ.

9. ಮೊದಲ ಹಾರಾಟ

ಮೊದಲ ತಿಂಗಳು ಹೊರಗಿನವರನ್ನು ಕರೆಯಬೇಡಿ, ಉದ್ಘಾಟನೆಯನ್ನು ಮುಂದಕ್ಕೆ ಹಾಕಿ. ಒಮ್ಮೆಗೆ ಒಂದೇ ವಿಮಾನ ಹಾರಲಿ, ಪಕ್ಕದಲ್ಲಿ ಆಕಾಶವನ್ನೂ ಸುತ್ತಲಿನ ಹೊಲಗಳನ್ನೂ ನೋಡುತ್ತ ನಿಲ್ಲುವ ಇನ್ನೊಬ್ಬರಿರಲಿ. ಪ್ರತಿ ವಿಮಾನಕ್ಕೂ ರೇಂಜ್ ಚೆಕ್, ಅಂದರೆ ರೇಡಿಯೊ ಸಂಕೇತ ದೂರಕ್ಕೆ ತಲುಪುತ್ತದೆಯೇ ಎಂಬ ಪರೀಕ್ಷೆ, ಕಡ್ಡಾಯ: ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸುವ ಸೌಲಭ್ಯವನ್ನು ಒತ್ತಿ ಹಿಡಿದು ಮೂವತ್ತು ಹೆಜ್ಜೆ ದೂರ ನಡೆದು, ರೆಕ್ಕೆಬಾಲಗಳು ತಡವರಿಸದೆ ಅಲುಗುತ್ತವೆಯೇ ನೋಡಬೇಕು. ಬೇರೆ ಬೇರೆ ಎತ್ತರದಲ್ಲಿ ಹಾರಿಸಿ, ಮರಗಳ ಹಿಂದೆ ಗಾಳಿ ಎಲ್ಲಿ ಸುಳಿಯುತ್ತದೆ, ಶಬ್ದ ಯಾವ ಮನೆಯವರೆಗೆ ಕೇಳುತ್ತದೆ ಎಂಬುದನ್ನು ಬರೆದಿಡಿ. ಶಬ್ದ ತಿಳಿಯಲು ಒಬ್ಬರು ಆ ಮನೆಯ ಜಗಲಿಯಲ್ಲೇ ಕುಳಿತು ಕೇಳಬೇಕು. ಪೆಟ್ರೋಲ್ ಎಂಜಿನ್‌ಗಳನ್ನು ಬೆಳಿಗ್ಗೆ ಎಂಟಕ್ಕೆ ಮೊದಲು ಚಾಲೂ ಮಾಡದಿರುವುದು ಲೇಸು.

ಪ್ರತಿ ಭಾನುವಾರ, ಮೊದಲ ಬ್ಯಾಟರಿ ಜೋಡಿಸುವ ಮುನ್ನ, ಇಬ್ಬರು ರನ್‌ವೇಯ ಈ ತುದಿಯಿಂದ ಆ ತುದಿಗೆ ತಲೆ ತಗ್ಗಿಸಿ ನಡೆದುಹೋಗಬೇಕು. ಹೆಗ್ಗಣದ ಹೊಸ ಬಿಲ, ತಲೆಯೆತ್ತಿದ ಕಾಂಗ್ರೆಸ್ ಗಿಡ, ಹಾಸಿನಿಂದ ಮೇಲೆದ್ದ ಮೊಳೆ, ಕುರಿಮಂದೆಯ ಜೊತೆ ಬಂದ ಕಲ್ಲು ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ. ನೆಗ್ಗಿಲು ಮುಳ್ಳು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹುಡುಕಲು ಹಳೆಯ ಫೋಮ್ ಹಾಳೆಯೊಂದನ್ನು ಹಗ್ಗಕ್ಕೆ ಕಟ್ಟಿ ರನ್‌ವೇ ಉದ್ದಕ್ಕೂ ಎಳೆದುಕೊಂಡು ಹೋಗಿ, ಆಮೇಲೆ ಹಾಳೆಯನ್ನು ಮಗುಚಿ ಎಷ್ಟು ಮುಳ್ಳು ಕಚ್ಚಿಕೊಂಡಿವೆ ಎಂದು ಎಣಿಸಿ.